ಎರಡಕ್ಷರದ ‘ಸಾರಿ’: ಹಗುರವೂ ಹೌದು, ಭಾರವೂ ಹೌದು

ಬಸ್ಸಿನ ನೂಕುನುಗ್ಗಲಿನಲ್ಲಿ ಕಾಲು ತುಳಿದವನು ‘ಸಾರಿ’ ಎನ್ನುತ್ತಾನೆ. ಕೌಂಟರಿನ ಹಿಂದೆ ಕುಳಿತ ಗುಮಾಸ್ತ ‘ಸಾರಿ, ಇವತ್ತು ಆಗೋಲ್ಲ’ ಎಂದು ಫೈಲು ಮುಚ್ಚುತ್ತಾನೆ. ಸಾವಿನ ಮನೆಗೆ ಬಂದ ಸಹೋದ್ಯೋಗಿ ಬೇರೇನೂ ಹೇಳಲು ತೋಚದೆ ‘ಸಾರಿ’ ಎಂದು ಕೈ ಹಿಡಿದುಕೊಳ್ಳುತ್ತಾನೆ. ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸದವನು ‘ಸಾರಿ?’ ಎಂದು ದನಿ ಏರಿಸುತ್ತಾನೆ. ನಾಲ್ವರೂ ಆಡಿದ್ದು ಒಂದೇ ಪದ. ಆದರೆ ಮೊದಲನೆಯವನು ತಪ್ಪು ಒಪ್ಪಿಕೊಂಡ, ಎರಡನೆಯವನು ನಿರಾಕರಿಸಿದ, ಮೂರನೆಯವನು ಮರುಗಿದ, ನಾಲ್ಕನೆಯವನು ಪ್ರಶ್ನೆ ಕೇಳಿದ.

ಕನ್ನಡಿಗರಿಗೆ ಈ ಪದದಲ್ಲಿ ಇನ್ನೊಂದು ತಮಾಷೆಯೂ ಉಂಟು. ನಮ್ಮಲ್ಲಿ ‘ಒಂದು ಸಾರಿ’ ಎಂದರೆ ಒಂದು ಸಲ. ‘ಸಾರಿ ಹೇಳು’ ಎಂದರೆ ಡಂಗುರ ಹೊಡೆದಂತೆ ನಾಲ್ಕು ಜನರಿಗೆ ಕೇಳುವಂತೆ ಹೇಳು. ಹೀಗಾಗಿ ‘ಸಾರಿ ಸಾರಿ ಹೇಳಿದರೂ ಅವನು ಒಂದು ಸಾರಿಯಾದರೂ ಸಾರಿ ಹೇಳಲಿಲ್ಲ’ ಎಂಬ ವಾಕ್ಯ ಕನ್ನಡದಲ್ಲಿ ಮಾತ್ರ ಸಾಧ್ಯ. ಇಂಗ್ಲಿಷಿನಿಂದ ಬಂದು ಇಲ್ಲಿ ಇಷ್ಟು ಸಲೀಸಾಗಿ ನೆಲೆಯೂರಿದ ಪದಗಳು ಕಡಿಮೆಯೇ. ಇಂಗ್ಲಿಷ್ ಬಾರದ ಅಜ್ಜಿಯೂ ಮೊಮ್ಮಗನಿಗೆ ‘ಸಾರಿ ಕೇಳು’ ಎನ್ನುತ್ತಾಳೆ.

ಇಷ್ಟು ಸಲೀಸಾದ ಇದೇ ಪದಕ್ಕಾಗಿ ಎರಡು ಬಲಾಢ್ಯ ದೇಶಗಳು ಹನ್ನೊಂದು ದಿನ ಹಗ್ಗಜಗ್ಗಾಟ ನಡೆಸಿವೆ. ಇದೇ ಪದವನ್ನು ಕೇಳಲು ಒಂದು ಜನಾಂಗ ದಶಕಗಟ್ಟಲೆ ಕಾದಿದೆ. ಇದನ್ನು ಹೇಳಿದರೆ ಕೋರ್ಟಿನಲ್ಲಿ ಸಿಕ್ಕಿಬೀಳುತ್ತೇವೆಂಬ ಭಯ ಹೋಗಲಾಡಿಸಲು ಹಲವು ದೇಶಗಳು ಕಾನೂನನ್ನೇ ಮಾಡಿವೆ. ಬಸ್ಸಿನಲ್ಲಿ ಬಿಡಿಗಾಸಿನಂತೆ ಚೆಲ್ಲಾಡುವ ಪದಕ್ಕೆ ಸಂಸತ್ತಿನಲ್ಲಿ ಇಷ್ಟು ಬೆಲೆ ಏಕೆ? ಉತ್ತರ ಸಿಗಬೇಕಾದರೆ ಪದದ ಬೇರಿನಿಂದಲೇ ಹೊರಡಬೇಕು.

ನೋವಿನಿಂದ ಹುಟ್ಟಿದ್ದು

‘ಸಾರಿ’ಗೂ ದುಃಖ ಎಂಬರ್ಥದ ‘ಸಾರೋ’ ಪದಕ್ಕೂ ಒಂದೇ ಮೂಲವಿರಬೇಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಅವೆರಡೂ ಬೇರೆ ಬೇರೆ ಮನೆತನದವು. ಹಳೆಯ ಇಂಗ್ಲಿಷಿನಲ್ಲಿ ‘ಸಾರ್’ ಎಂದರೆ ಗಾಯ, ನೋವು. ಇಂದಿಗೂ ಗಂಟಲು ಕೆರೆದು ನೋಯುವಾಗ ಬಳಸುವ ‘ಸೋರ್ ಥ್ರೋಟ್’ನಲ್ಲಿ ಅದೇ ಪದ ಉಳಿದಿದೆ. ಈ ‘ಸಾರ್’ನಿಂದ ಹುಟ್ಟಿದ ‘ಸಾರಿಗ್’ ಎಂದರೆ ನೋವು ತುಂಬಿದವನು, ಮನನೊಂದವನು. ದುಃಖದ ‘ಸಾರೋ’ ಬಂದಿರುವುದು ‘ಸೊರ್ಗ್’ ಎಂಬ ಇನ್ನೊಂದು ಪದದಿಂದ. ಜರ್ಮನ್ ಭಾಷೆಯಲ್ಲಿ ಚಿಂತೆ ಎಂಬರ್ಥದ ‘ಜೋರ್ಗೆ’ ಅದರ ದಾಯಾದಿ. ಅರ್ಥಗಳು ಹತ್ತಿರವಾಗಿದ್ದರಿಂದ ಶತಮಾನಗಳ ಒಡನಾಟದಲ್ಲಿ ಒಂದರ ಉಚ್ಚಾರಣೆ ಇನ್ನೊಂದರ ಮೇಲೆ ಪ್ರಭಾವ ಬೀರಿತು, ಅಷ್ಟೆ.

ಅಂದರೆ ಮೊದಲಲ್ಲಿ ‘ಸಾರಿ’ಗೆ ತಪ್ಪಿನ ಜೊತೆ ಸಂಬಂಧವೇ ಇರಲಿಲ್ಲ. ‘ನನಗೆ ನೋವಾಗಿದೆ’ ಎಂಬುದಷ್ಟೇ ಅದರ ಅರ್ಥ. ಮುಂದೆ ‘ಮರುಕ ಹುಟ್ಟಿಸುವಂಥ’, ‘ದರಿದ್ರ’ ಎಂಬ ಅರ್ಥವೂ ಸೇರಿಕೊಂಡಿತು. ಶೇಕ್ಸ್‌ಪಿಯರನ ನಾಟಕದಲ್ಲಿ ದೊರೆಯನ್ನು ಕೊಂದು ಬಂದ ಮ್ಯಾಕ್‌ಬೆತ್ ರಕ್ತ ಮೆತ್ತಿದ ತನ್ನ ಕೈಗಳನ್ನು ನೋಡಿ ಈ ಪದ ಬಳಸುತ್ತಾನೆ. ಆದರೆ ಅವನು ಅಲ್ಲಿ ಕ್ಷಮೆ ಕೇಳುತ್ತಿಲ್ಲ. ಕಣ್ಣೆದುರಿನ ದೃಶ್ಯ ಎಷ್ಟು ದಾರುಣವಾಗಿದೆ ಎನ್ನುತ್ತಿದ್ದಾನೆ. ಪಾಳುಬಿದ್ದ ಕಟ್ಟಡ, ಹದಗೆಟ್ಟ ರಸ್ತೆಗಳ ಬಗ್ಗೆ ಇಂಗ್ಲಿಷ್ ಪತ್ರಿಕೆಗಳು ಬರೆಯುವ ‘ಸಾರಿ ಸ್ಟೇಟ್’ನಲ್ಲಿರುವುದು ಇದೇ ಅರ್ಥ. ರಸ್ತೆ ಯಾರ ಕ್ಷಮೆಯನ್ನೂ ಕೇಳುವುದಿಲ್ಲವಲ್ಲ!

‘ನಿನಗೆ ತೊಂದರೆ ಕೊಟ್ಟಿದ್ದಕ್ಕೆ ನನಗೆ ನೋವಾಗಿದೆ’ ಎಂಬ ಪೂರ್ಣ ವಾಕ್ಯ ಸವೆದು ಸವೆದು ಕೊನೆಗೆ ಬರೀ ‘ಸಾರಿ’ ಎಂಬ ಉದ್ಗಾರವಾಗಿ ಉಳಿದದ್ದು ಬಹಳ ಈಚೆಗೆ, 19ನೇ ಶತಮಾನದಲ್ಲಿ. ಒಳಗಿನ ಗಾಯವನ್ನು ಹೇಳುತ್ತಿದ್ದ ಪದ ಹೀಗೆ ಹೊರಗಿನ ಶಿಷ್ಟಾಚಾರದ ಪದವಾಯಿತು.

ತುಳಿಸಿಕೊಂಡವನೂ ‘ಸಾರಿ’

ಈ ಶಿಷ್ಟಾಚಾರಕ್ಕೆ ಇಂಗ್ಲೆಂಡಿನವರು ಹೆಸರುವಾಸಿ. ಅಲ್ಲಿ ಕಾಲು ತುಳಿದವನಷ್ಟೇ ಅಲ್ಲ, ತುಳಿಸಿಕೊಂಡವನೂ ‘ಸಾರಿ’ ಎನ್ನುತ್ತಾನೆ ಎಂಬ ಮಾತಿದೆ. ಮಾನವಶಾಸ್ತ್ರಜ್ಞೆ ಕೇಟ್ ಫಾಕ್ಸ್ ಇದನ್ನು ಪರೀಕ್ಷಿಸಿಯೇ ನೋಡಿದರು. ಬೇಕೆಂದೇ ದಾರಿಹೋಕರಿಗೆ ಡಿಕ್ಕಿ ಹೊಡೆಯುತ್ತಾ ಅವರೇನು ಹೇಳುತ್ತಾರೆಂದು ಗಮನಿಸಿದರು. ತಪ್ಪು ತಮ್ಮದಲ್ಲದಿದ್ದರೂ ಬಹುಪಾಲು ಮಂದಿ ‘ಸಾರಿ’ ಎಂದರು. 2004ರಲ್ಲಿ ಪ್ರಕಟವಾದ ಅವರ ‘ವಾಚಿಂಗ್ ದಿ ಇಂಗ್ಲಿಷ್’ ಪುಸ್ತಕದಲ್ಲಿ ಈ ಪ್ರಸಂಗವಿದೆ. ಇಲ್ಲಿ ‘ಸಾರಿ’ ಎಂದರೆ ಕ್ಷಮಾಪಣೆಯಲ್ಲ. ‘ನಮ್ಮಿಬ್ಬರ ನಡುವೆ ಜಗಳ ಬೇಡ’ ಎಂಬ ಸಂಕೇತ, ಅಷ್ಟೇ.

ದಿನಬಳಕೆಯ ಇನ್ನಷ್ಟು ರೂಪಗಳನ್ನು ನೋಡಿ. ಜನರ ನಡುವೆ ದಾರಿ ಮಾಡಿಕೊಳ್ಳಲು ‘ಸಾರಿ’. ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಲು ‘ಸಾರಿ’. ‘ಸಭೆ ಮೂರು ಗಂಟೆಗೆ, ಸಾರಿ, ನಾಲ್ಕು ಗಂಟೆಗೆ’ ಎಂದು ತನ್ನ ಮಾತನ್ನು ತಾನೇ ತಿದ್ದಿಕೊಳ್ಳಲು ‘ಸಾರಿ’. ಮುಂದೆ ‘ಆದರೆ’ ಸೇರಿಕೊಂಡರೆ ಪದದ ಬಣ್ಣವೇ ಬದಲಾಗುತ್ತದೆ. ‘ಸಾರಿ, ಆದರೆ ನೀವು ಹೇಳಿದ್ದು ಸರಿಯಲ್ಲ’ ಎಂದವನಿಗೆ ಎಳ್ಳಷ್ಟೂ ಬೇಸರವಾಗಿರುವುದಿಲ್ಲ. ‘ಮುಂದೆ ನೀನೇ ಸಾರಿ ಆಗ್ತೀಯ’ ಎಂಬ ಇಂಗ್ಲಿಷ್ ಧಾಟಿಯ ಮಾತಂತೂ ನೇರ ಬೆದರಿಕೆ. ನಾವಾದರೆ ‘ಅನುಭವಿಸ್ತೀಯಾ’ ಎನ್ನುತ್ತೇವೆ.

ಈ ಹುಸಿ ಸೌಜನ್ಯವನ್ನೇ ಹೆಸರಾಗಿ ಇಟ್ಟುಕೊಂಡ ಒಂದು ಆಟವೂ ಇದೆ. 1930ರ ದಶಕದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಅಂಗಡಿಗಳಿಗೆ ಬಂದ ‘ಸಾರಿ!’ ಎಂಬ ಮಣೆಯಾಟದಲ್ಲಿ ಎದುರಾಳಿಯ ಕಾಯನ್ನು ಹೊಡೆದು ಮೊದಲ ಮನೆಗೆ ಅಟ್ಟಬೇಕು. ಅಟ್ಟುವಾಗ ನಗುತ್ತಾ ‘ಸಾರಿ!’ ಎನ್ನಬೇಕು. ಕಾಯಿ ನಡೆಸುವುದು, ಕಡಿಯುವುದು, ಹಣ್ಣು ಮಾಡುವುದು ಎಲ್ಲವೂ ನಮ್ಮ ಪಗಡೆ, ಚೌಕಾಬಾರ ಆಡಿದವರಿಗೆ ಚಿರಪರಿಚಿತ. ಭಾರತದ ಪಗಡೆ ಪಶ್ಚಿಮಕ್ಕೆ ಹೋಗಿ ಹುಟ್ಟಿಸಿದ ಸಂತಾನದಲ್ಲಿ ಇದೂ ಒಂದು. ನಮ್ಮವರು ಕಾಯಿ ಕಡಿದು ಗಹಗಹಿಸಿ ನಗುತ್ತಿದ್ದರು, ಅವರು ಕಡಿದು ‘ಸಾರಿ’ ಎಂದರು.

ಮರುಕವೋ, ತಪ್ಪೊಪ್ಪಿಗೆಯೋ?

ಪದದ ನಿಜವಾದ ತೊಡಕು ಇರುವುದು ಇಲ್ಲಿ. ‘ಐ ಆಮ್ ಸಾರಿ’ ಎಂಬ ಮಾತಿಗೆ ಎರಡು ಮುಖ. ‘ನಿಮಗೆ ಹೀಗಾಯಿತಲ್ಲ, ನನಗೂ ಬೇಸರ’ ಎಂಬುದು ಒಂದು. ‘ಇದನ್ನು ಮಾಡಿದವನು ನಾನು, ನನ್ನದು ತಪ್ಪು’ ಎಂಬುದು ಇನ್ನೊಂದು. ಮೊದಲನೆಯದು ಮರುಕ, ಎರಡನೆಯದು ಹೊಣೆ. ಹೇಳುವವನು ಮೊದಲನೆಯ ಅರ್ಥದಲ್ಲಿ ಹೇಳಿ ಕೇಳುವವನು ಎರಡನೆಯ ಅರ್ಥದಲ್ಲಿ ತೆಗೆದುಕೊಳ್ಳಬಹುದು.

ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ.ಎಲ್. ಆಸ್ಟಿನ್ ಈ ವ್ಯತ್ಯಾಸವನ್ನು ಸೊಗಸಾಗಿ ಬಿಡಿಸಿಟ್ಟರು. ಕೆಲವು ಮಾತುಗಳು ವರದಿ ಮಾಡುವುದಿಲ್ಲ, ಕೆಲಸವನ್ನೇ ಮಾಡುತ್ತವೆ ಎಂಬುದು ಅವರ ವಾದ. ‘ಭಾಷೆ ಕೊಡುತ್ತೇನೆ’ ಎಂದು ಹೇಳಿದರೆ ಅಲ್ಲಿಗೆ ಭಾಷೆ ಕೊಟ್ಟಂತೆಯೇ. ‘ಐ ಅಪಾಲಜೈಸ್’ ಎಂಬುದು ಈ ಜಾತಿಗೆ ಸೇರಿದ್ದು. ಹಾಗೆಂದ ಕ್ಷಣಕ್ಕೆ ಕ್ಷಮಾಪಣೆ ನಡೆದುಹೋಗುತ್ತದೆ. ‘ಐ ಆಮ್ ಸಾರಿ’ ಮಾತ್ರ ಅರ್ಧ ಕೆಲಸ, ಅರ್ಧ ವರದಿ. ಅದು ಕ್ಷಮಾಪಣೆಯೂ ಇರಬಹುದು, ಮನಸ್ಸಿನ ಸ್ಥಿತಿಯ ವಿವರಣೆಯೂ ಇರಬಹುದು. ಆಸ್ಟಿನ್ ತೀರಿಕೊಂಡ ಎರಡು ವರ್ಷಗಳ ಮೇಲೆ, 1962ರಲ್ಲಿ, ಅವರ ಈ ಉಪನ್ಯಾಸಗಳು ಪುಸ್ತಕವಾಗಿ ಬಂದವು.

‘ಅಪಾಲಜಿ’ಯ ಕಥೆಯೂ ಸ್ವಾರಸ್ಯಕರವೇ. ಗ್ರೀಕ್ ಭಾಷೆಯ ‘ಅಪೊಲೊಗಿಯ’ ಎಂದರೆ ಆರೋಪಕ್ಕೆ ಉತ್ತರವಾಗಿ ಮಾಡುವ ಸಮರ್ಥನೆಯ ಭಾಷಣ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯ ಎದುರು ಸಾಕ್ರೆಟಿಸ್ ಮಾಡಿಕೊಂಡ ಸಮರ್ಥನೆಯನ್ನು ಪ್ಲೇಟೊ ಬರೆದಿಟ್ಟ ಕೃತಿಗೆ ಇದೇ ಹೆಸರು. ಅದರಲ್ಲಿ ಸಾಕ್ರೆಟಿಸ್ ಎಲ್ಲಿಯೂ ಕ್ಷಮೆ ಕೇಳುವುದಿಲ್ಲ. ತಾನು ಮಾಡಿದ್ದೇ ಸರಿ ಎಂದು ವಾದಿಸಿ ವಿಷದ ಬಟ್ಟಲನ್ನು ಸ್ವೀಕರಿಸುತ್ತಾನೆ. ‘ನಾನು ಮಾಡಿದ್ದು ಸರಿ’ ಎನ್ನುತ್ತಿದ್ದ ಪದ ಕಾಲಕ್ರಮದಲ್ಲಿ ‘ನಾನು ಮಾಡಿದ್ದು ತಪ್ಪು’ ಎನ್ನುವ ಪದವಾಯಿತು!

ದೇಶಗಳು ‘ಸಾರಿ’ ಹೇಳಿದಾಗ

2001ರ ಏಪ್ರಿಲ್ 1ರಂದು ದಕ್ಷಿಣ ಚೀನಾ ಸಮುದ್ರದ ಮೇಲೆ ಅಮೆರಿಕದ ಬೇಹುಗಾರಿಕೆ ವಿಮಾನವೂ ಚೀನಾದ ಯುದ್ಧವಿಮಾನವೂ ಡಿಕ್ಕಿ ಹೊಡೆದವು. ಚೀನಾದ ಪೈಲಟ್ ವಾಂಗ್ ವೇ ಸತ್ತರು. ಜಖಂಗೊಂಡ ಅಮೆರಿಕದ ವಿಮಾನ ಅನುಮತಿ ಇಲ್ಲದೆ ಹೈನಾನ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 24 ಮಂದಿಯನ್ನು ಚೀನಾ ಹಿಡಿದಿಟ್ಟುಕೊಂಡಿತು. ಕ್ಷಮೆ ಕೇಳಿ ಎಂದು ಬೀಜಿಂಗ್, ಕ್ಷಮೆ ಕೇಳುವಂಥದ್ದೇನೂ ನಡೆದಿಲ್ಲ ಎಂದು ವಾಷಿಂಗ್ಟನ್.

ಕೊನೆಗೆ ದಾರಿ ತೋರಿಸಿದ್ದು ‘ಸಾರಿ’ಯ ಎರಡು ಮುಖಗಳೇ. ಪೈಲಟ್ಟಿನ ಸಾವಿಗೆ ಅವನ ಕುಟುಂಬದವರಲ್ಲಿ ‘ವೆರಿ ಸಾರಿ’, ಮೌಖಿಕ ಅನುಮತಿ ಪಡೆಯದೆ ಇಳಿದದ್ದಕ್ಕೆ ‘ವೆರಿ ಸಾರಿ’ ಎಂದು ಅಮೆರಿಕದ ರಾಯಭಾರಿ ಜೋಸೆಫ್ ಪ್ರೂಹರ್ ಪತ್ರ ಬರೆದರು. ‘ಅಪಾಲಜಿ’ ಎಂಬ ಪದ ಪತ್ರದಲ್ಲಿ ಇರಲಿಲ್ಲ. ಚೀನಾದ ಮಾಧ್ಯಮಗಳು ಅದನ್ನು ಕ್ಷಮಾಪಣೆಗೆ ಹತ್ತಿರವಾದ ಚೀನೀ ನುಡಿಗಟ್ಟಿನಲ್ಲಿ ತಮ್ಮ ಜನರಿಗೆ ತಲುಪಿಸಿದವು. ಅಮೆರಿಕ ತಾನು ವಿಷಾದವನ್ನಷ್ಟೇ ತೋರಿಸಿದ್ದೇನೆ ಎಂದಿತು. ಹನ್ನೊಂದು ದಿನಗಳ ಬಳಿಕ 24 ಮಂದಿಯೂ ಮನೆಗೆ ಹೊರಟರು. ಸ್ಪಷ್ಟವಾದ ಪದ ಮಾಡಲಾಗದ ಕೆಲಸವನ್ನು ಅಸ್ಪಷ್ಟ ಪದ ಮಾಡಿತು.

ಆದರೆ ನೊಂದವರಿಗೆ ಈ ಅಸ್ಪಷ್ಟತೆಯೇ ಗಾಯದ ಮೇಲಿನ ಬರೆಯಾಗಬಹುದು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಸರ್ಕಾರಿ ಲೆಕ್ಕದಂತೆಯೇ 379 ಜನ ಗುಂಡಿಗೆ ಬಲಿಯಾದರು. ಭಾರತೀಯರ ಲೆಕ್ಕ ಇದಕ್ಕಿಂತ ಬಹಳ ಹೆಚ್ಚು. 1997ರಲ್ಲಿ ರಾಣಿ ಎಲಿಜಬೆತ್ ಅಲ್ಲಿಗೆ ಬಂದು ಹೂವಿಟ್ಟರು. 2013ರಲ್ಲಿ ಬಂದ ಪ್ರಧಾನಿ ಡೇವಿಡ್ ಕ್ಯಾಮರಾನ್ ಅದನ್ನು ನಾಚಿಕೆಗೇಡಿನ ಘಟನೆ ಎಂದು ಬರೆದರು. ಶತಮಾನ ತುಂಬಿದ 2019ರಲ್ಲಿ ಪ್ರಧಾನಿ ತೆರೇಸಾ ಮೇ ಸಂಸತ್ತಿನಲ್ಲಿ ಗಾಢ ವಿಷಾದ ಸೂಚಿಸಿದರು. ಔಪಚಾರಿಕ ಕ್ಷಮಾಪಣೆಯನ್ನು ಮಾತ್ರ ಮೂವರಲ್ಲಿ ಯಾರೂ ಕೇಳಲಿಲ್ಲ.

ಎಲ್ಲಿ ನಿಂತು ಹೇಳಿದರು ಎಂಬುದೂ ಮುಖ್ಯ. 1914ರಲ್ಲಿ 376 ಪ್ರಯಾಣಿಕರನ್ನು ಹೊತ್ತು ಕೆನಡಾದ ವ್ಯಾಂಕೂವರ್ ತಲುಪಿದ ‘ಕೊಮಗಾಟ ಮಾರು’ ಹಡಗನ್ನು ಎರಡು ತಿಂಗಳು ಬಂದರಿನಲ್ಲೇ ತಡೆದು ಹಿಂದಕ್ಕೆ ಅಟ್ಟಲಾಯಿತು. ಪ್ರಯಾಣಿಕರಲ್ಲಿ ಬಹುತೇಕರು ಪಂಜಾಬಿನ ಸಿಖ್ಖರು. ಕಲ್ಕತ್ತೆಯ ಬಳಿ ಇಳಿದಾಗ ಪೊಲೀಸರ ಗುಂಡಿಗೆ ಸುಮಾರು ಇಪ್ಪತ್ತು ಜನ ಸತ್ತರು. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಒಂದು ಉದ್ಯಾನದ ಸಮಾರಂಭದಲ್ಲಿ ಕ್ಷಮೆ ಕೇಳಿದರು. ‘ಪಾರ್ಕಿನಲ್ಲಿ ಕೇಳಿದ್ದು ಸಾಲದು, ಸಂಸತ್ತಿನಲ್ಲಿ ಕೇಳಿ’ ಎಂದು ಸಿಖ್ ಸಂಘಟನೆಗಳು ಪಟ್ಟು ಹಿಡಿದವು. 2016ರ ಮೇ 18ರಂದು ಜಸ್ಟಿನ್ ಟ್ರುಡೊ ಸಂಸತ್ತಿನಲ್ಲೇ ಎದ್ದುನಿಂತು ಕೇಳಿದರು. ಆಡಿದ ಪದಕ್ಕೆ ಸಂಸತ್ತಿನ ಕಡತದ ತೂಕ ಬಂತು.

ಒಂದು ಪದಕ್ಕಾಗಿ ಕಾದ ಜನ

‘ಸಾರಿ’ಯ ಚರಿತ್ರೆಯಲ್ಲಿ ಅತಿ ದೊಡ್ಡ ಅಧ್ಯಾಯ ಆಸ್ಟ್ರೇಲಿಯಾದ್ದು. ಸುಮಾರು 1910ರಿಂದ 1970ರವರೆಗೆ ಅಲ್ಲಿನ ಸರ್ಕಾರಗಳು ಮೂಲನಿವಾಸಿಗಳ ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತುಕೊಂಡು ಅನಾಥಾಲಯಗಳಲ್ಲಿ, ಬಿಳಿಯರ ಮನೆಗಳಲ್ಲಿ ಇರಿಸಿದವು. ‘ಕದ್ದೊಯ್ದ ಪೀಳಿಗೆ’ ಎಂದೇ ಅವರಿಗೆ ಹೆಸರು. 1997ರಲ್ಲಿ ಮಾನವ ಹಕ್ಕುಗಳ ಆಯೋಗ ಸಲ್ಲಿಸಿದ ವರದಿ, ಸರ್ಕಾರ ಕ್ಷಮೆ ಕೇಳಬೇಕೆಂದು ಶಿಫಾರಸು ಮಾಡಿತು. ಪ್ರಧಾನಿ ಜಾನ್ ಹೊವಾರ್ಡ್ ಒಪ್ಪಲಿಲ್ಲ. ಹಿಂದಿನವರ ತಪ್ಪಿಗೆ ಇಂದಿನ ಪೀಳಿಗೆ ಹೊಣೆಯಲ್ಲ ಎಂಬುದು ಅವರ ನಿಲುವು. 1999ರಲ್ಲಿ ಸಂಸತ್ತಿನಲ್ಲಿ ‘ರಿಗ್ರೆಟ್’ ಎಂಬ ಪದವಿದ್ದ ನಿರ್ಣಯ ತಂದರು. ‘ಸಾರಿ’ ಬರಲಿಲ್ಲ.

ಸರ್ಕಾರ ಹೇಳದಿದ್ದರೇನು, ಜನ ಹೇಳಿದರು. 1998ರ ಮೇ 26ರಂದು ಮೊದಲ ‘ಸಾರಿ ದಿನ’ ಆಚರಿಸಿದರು. 2000ದ ಮೇ 28ರಂದು ಸಿಡ್ನಿ ಬಂದರಿನ ಸೇತುವೆಯ ಮೇಲೆ ಸುಮಾರು ಎರಡೂವರೆ ಲಕ್ಷ ಜನ ನಡೆದರು. ಆ ಹೊತ್ತಿಗೆ ವಿಮಾನವೊಂದು ಆಕಾಶದಲ್ಲಿ ಹೊಗೆಯಿಂದ ‘ಸಾರಿ’ ಎಂದು ಬರೆಯಿತು. ಅಂತೂ 2008ರ ಫೆಬ್ರುವರಿ 13ರಂದು ಹೊಸ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಆ ಪದವನ್ನು ಒಮ್ಮೆಯಲ್ಲ, ಮತ್ತೆ ಮತ್ತೆ ಉಚ್ಚರಿಸಿದರು. ಗ್ಯಾಲರಿಯಲ್ಲಿ ಕುಳಿತ ವೃದ್ಧರು ಕಣ್ಣೀರಿಟ್ಟರು. ಪರಿಹಾರದ ಹಣವನ್ನು ಅಂದು ಘೋಷಿಸಲಿಲ್ಲ. ಕೇಂದ್ರಾಡಳಿತ ಪ್ರದೇಶಗಳಲ್ಲಿ ಹಾಗೆ ಬೇರ್ಪಟ್ಟವರಿಗಾಗಿ ಕೇಂದ್ರ ಸರ್ಕಾರ ಪರಿಹಾರ ಯೋಜನೆ ಪ್ರಕಟಿಸಿದ್ದು 2021ರಲ್ಲಿ. ಮಾತಿಗೂ ಹಣಕ್ಕೂ ನಡುವೆ 13 ವರ್ಷ!

ಆಸ್ಟ್ರೇಲಿಯಾದ ಮೂಲನಿವಾಸಿಗಳ ಇಂಗ್ಲಿಷಿನಲ್ಲಿ ‘ಸಾರಿ ಬಿಸಿನೆಸ್’ ಎಂದರೆ ಸಾವಿನ ಸೂತಕ, ಅಂತ್ಯಕ್ರಿಯೆ, ಶೋಕಾಚರಣೆ. ಹಳೆಯ ಇಂಗ್ಲಿಷಿನ ನೋವು ಎಂಬ ಅರ್ಥ ಅವರ ಬಾಯಲ್ಲಿ ಇನ್ನೂ ಜೀವಂತ. ಅವರು ಕೇಳಿದ ‘ಸಾರಿ’ಯಲ್ಲಿ ತಪ್ಪೊಪ್ಪಿಗೆಯೂ ಇತ್ತು, ಜೊತೆಯಲ್ಲಿ ಕೂತು ಅಳಬೇಕೆಂಬ ಬೇಡಿಕೆಯೂ ಇತ್ತು.

ಕೋರ್ಟಿನ ಭಯ

ಅಪಘಾತವಾದಾಗ, ಆಸ್ಪತ್ರೆಯಲ್ಲಿ ಚಿಕಿತ್ಸೆ ಕೈಕೊಟ್ಟಾಗ ‘ಸಾರಿ’ ಎಂದರೆ ಅದೇ ತಪ್ಪೊಪ್ಪಿಗೆಯಾಗಿ ಪರಿಹಾರದ ದಾವೆಯಲ್ಲಿ ಸಾಕ್ಷ್ಯವಾಗಬಹುದೆಂಬ ಭಯ ಪಶ್ಚಿಮದಲ್ಲಿ ಬಹುಕಾಲದಿಂದ ಇತ್ತು. ಹೀಗಾಗಿ ಮರುಕಪಡಬೇಕಾದವರೂ ಬಾಯಿ ಬಿಗಿದುಕೊಂಡು ವಕೀಲರತ್ತ ನೋಡುತ್ತಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1986ರಲ್ಲಿ ಒಂದು ಕಾನೂನು ಮಾಡಿತು. ಅಪಘಾತಕ್ಕೆ ಸಿಕ್ಕವರಿಗೆ, ಅವರ ಮನೆಯವರಿಗೆ ತೋರಿಸಿದ ಅನುಕಂಪದ ಮಾತನ್ನು ಹೊಣೆಗಾರಿಕೆಗೆ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದಿತು. ಇಂಗ್ಲೆಂಡಿನ 2006ರ ಪರಿಹಾರ ಕಾಯ್ದೆ, ಕೆನಡಾದ ಒಂಟಾರಿಯೊ ಪ್ರಾಂತ್ಯದ 2009ರ ಕ್ಷಮಾಪಣೆ ಕಾಯ್ದೆ, ಹಾಂಗ್‌ಕಾಂಗಿನ 2017ರ ಶಾಸನ ಇದೇ ದಾರಿಯಲ್ಲಿ ನಡೆದವು. ಮನುಷ್ಯ ಮನುಷ್ಯನಿಗೆ ‘ಸಾರಿ’ ಎನ್ನಲು ಕಾನೂನಿನ ರಕ್ಷಣೆ ಬೇಕಾಯಿತು.

ಭಾರತದಲ್ಲಿ ಈ ವಿಷಯ ಬೇರೊಂದು ಬಾಗಿಲಿನಿಂದ ಕೋರ್ಟನ್ನು ಪ್ರವೇಶಿಸುತ್ತದೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 12ನೇ ಕಲಮಿನ ಪ್ರಕಾರ, ನ್ಯಾಯಾಲಯಕ್ಕೆ ತೃಪ್ತಿಯಾಗುವಂತೆ ಕ್ಷಮೆ ಕೇಳಿದ ಆರೋಪಿಯನ್ನು ಬಿಡಬಹುದು ಅಥವಾ ಶಿಕ್ಷೆ ಮನ್ನಾ ಮಾಡಬಹುದು. ಪ್ರಾಮಾಣಿಕವಾಗಿದ್ದರೆ, ಷರತ್ತು ಇದೆ ಎಂಬ ಒಂದೇ ಕಾರಣಕ್ಕೆ ಆ ಕ್ಷಮಾಪಣೆಯನ್ನು ತಳ್ಳಿಹಾಕುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಬೇಷರತ್ ಕ್ಷಮೆಯಾಚನೆ’ಯ ಹಿಂದೆ ಈ ಲೆಕ್ಕಾಚಾರವಿದೆ.

ನಮ್ಮ ಬಾಯಲ್ಲಿ ‘ಸಾರಿ’

‘ಸಾರಿ’ ಬರುವ ಮೊದಲು ಕನ್ನಡಿಗರು ಏನು ಹೇಳುತ್ತಿದ್ದರು? ಒಂದೇ ಪದ ಇರಲಿಲ್ಲ, ಸಂದರ್ಭಕ್ಕೊಂದು ಇತ್ತು. ತಪ್ಪಿಗೆ ‘ತಪ್ಪಾಯ್ತು’. ದೊಡ್ಡವರ ಮುಂದೆ ‘ಹೊಟ್ಟೆಗೆ ಹಾಕ್ಕೊಳ್ಳಿ’. ಕಷ್ಟಕ್ಕೆ ‘ಅಯ್ಯೋ ಪಾಪ’. ಮಾತು ಕೇಳಿಸದಿದ್ದರೆ ‘ಏನಂದ್ರಿ?’. ಎದುರು ಮಾತಾಡುವಾಗ ‘ತಪ್ಪು ತಿಳ್ಕೋಬೇಡಿ’. ಕಾಲು ತಗುಲಿದರೆ ಮಾತೇ ಬೇಡ, ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರಾಯಿತು. ದೇವರಿಗೆ ತಪ್ಪಿ ನಡೆದರೆ ತಪ್ಪುಕಾಣಿಕೆ.

ಇವುಗಳ ಜಾಯಮಾನವೇ ಬೇರೆ. ಇಂಗ್ಲಿಷಿನ ‘ಸಾರಿ’ ಹೇಳುವವನ ಮನಸ್ಸಿನ ಸುದ್ದಿ: ‘ನನಗೆ ನೋವಾಗಿದೆ’. ಕನ್ನಡದ ‘ಕ್ಷಮಿಸಿ’ ಕೇಳುವವನ ಎದುರು ಇಟ್ಟ ಬೇಡಿಕೆ. ಕೊಡುವುದೂ ಬಿಡುವುದೂ ಅವನಿಗೆ ಸೇರಿದ್ದು. ಕ್ಷಮೆ ಎಂದರೆ ತಾಳ್ಮೆ. ಅದು ಇರಬೇಕಾದದ್ದು ನೊಂದವನಲ್ಲಿ. ‘ಹೊಟ್ಟೆಗೆ ಹಾಕಿಕೊಳ್ಳಿ’ ಎಂಬ ಮಾತಿನಲ್ಲಂತೂ ತಪ್ಪನ್ನು ನುಂಗಿ ಅರಗಿಸಿಕೊಳ್ಳುವ ಕಷ್ಟವೆಲ್ಲ ಎದುರಿಗಿರುವವನದೇ. ಬಹುಶಃ ‘ಸಾರಿ’ ನಮ್ಮಲ್ಲಿ ಇಷ್ಟು ಬೇಗ ಹಬ್ಬಲು ಇದೂ ಒಂದು ಕಾರಣವಿರಬೇಕು. ಅದು ಎದುರಿನವನಿಂದ ಏನನ್ನೂ ಬೇಡುವುದಿಲ್ಲ, ಹೇಳಿ ಮುಂದೆ ಹೋಗಬಹುದು. ‘ಕ್ಷಮಿಸಿ’ ಎಂದವನು ಉತ್ತರಕ್ಕಾಗಿ ನಿಲ್ಲಬೇಕಾಗುತ್ತದೆ.

ಸರ್ಕಾರಿ ಕನ್ನಡಕ್ಕೆ ಮೂರನೆಯ ಪದವೊಂದು ಸಿಕ್ಕಿದೆ: ‘ವಿಷಾದ’. ರೈಲು ತಡವಾದಾಗ ನಿಲ್ದಾಣದ ಧ್ವನಿವರ್ಧಕ ಪ್ರಯಾಣಿಕರ ಅನನುಕೂಲಕ್ಕೆ ವಿಷಾದಿಸುತ್ತದೆ. ಯಾರು ತಡ ಮಾಡಿದರು, ಯಾರಿಗೆ ಬೇಸರವಾಗಿದೆ ಎಂಬುದು ಅದರಲ್ಲಿ ಇರುವುದಿಲ್ಲ. ಮರುಕವನ್ನು ಹೇಳಿ ಹೊಣೆಯನ್ನು ಬಿಡುವುದಕ್ಕೆ ಇಂಗ್ಲಿಷಿನ ‘ರಿಗ್ರೆಟ್’ ಹೇಗೋ ನಮ್ಮಲ್ಲಿ ‘ವಿಷಾದ’ ಹಾಗೆ.

ಇಷ್ಟಾದರೂ ಕನ್ನಡ ಈ ಪರದೇಶಿ ಪದವನ್ನು ಬಂದ ಹಾಗೆಯೇ ಬಿಟ್ಟಿಲ್ಲ. ಇಂಗ್ಲಿಷಿನವರು ‘ಸಾರಿ’ಯನ್ನು ಹೇಳುತ್ತಾರೆ, ನಾವು ಎಷ್ಟೋ ಸಲ ‘ಸಾರಿ ಕೇಳುತ್ತೇವೆ’. ‘ಕ್ಷಮೆ ಕೇಳು’ ಎಂಬ ಹಳೆಯ ರೂಢಿಗೆ ಹೊಸ ಪದ ಬಂದು ಕೂತಿದೆ. ಇಂಗ್ಲಿಷ್ ಬಲ್ಲವರಿಗೆ ಇದು ವ್ಯಾಕರಣದೋಷವಾಗಿ ಕಾಣಬಹುದು. ಆದರೆ ಪಕ್ಕದ ಮನೆಯ ಹುಡುಗನ ಗಾಳಿಪಟ ಹರಿದ ಮೊಮ್ಮಗನಿಗೆ ‘ಹೋಗು, ಸಾರಿ ಕೇಳ್ಕೊಂಡು ಬಾ’ ಎನ್ನುವ ಅಜ್ಜಿಯ ಲೆಕ್ಕದಲ್ಲಿ, ಅವನು ಆ ಪದ ಉಚ್ಚರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗಾಳಿಪಟ ಕಳೆದುಕೊಂಡ ಹುಡುಗ ‘ಹೋಗ್ಲಿ ಬಿಡು’ ಎನ್ನುವವರೆಗೂ ಅವನು ಅಲ್ಲೇ ನಿಂತಿರಬೇಕು.